ಬೇಳೆ ಬೇಯುವಷ್ಟು ಹೊತ್ತು

ಕುಕ್ಕರ್ ಬಂದಾಗ ಅಡುಗೆ ಮಾಡುವವರಿಗೆ ಇನ್ನು ಬಿಡುವೋ ಬಿಡುವು ಎಂದುಕೊಂಡಿದ್ದರಂತೆ. ತಪ್ಪೇನಿಲ್ಲ. ಒಳಗೆ ಆವಿ ಬಿಗಿದುಕೊಂಡು ನೀರಿನ ಕಾವು 100 ಡಿಗ್ರಿ ದಾಟಿ 120ರ ಹತ್ತಿರ ಹೋದರೆ ಯಾವ ತೊಗರಿಬೇಳೆ ತಾನೇ ಎಷ್ಟು ಹೊತ್ತು ತಡೆದೀತು? ಕೆಳಗೆ ಬೇಳೆ, ಮೇಲೆ ಅನ್ನ, ಸಂದಿಯಲ್ಲಿ ಎರಡು ಆಲೂಗಡ್ಡೆ. ಆದರೆ ಉಳಿದ ಅರ್ಧ ಗಂಟೆಗೆ ಒಂದು ಪಲ್ಯ ಬಂತು, ಪಲ್ಯದ ಹಿಂದೆ ಕೋಸಂಬರಿ, ಮಕ್ಕಳ ಡಬ್ಬಿಗೆ ಬೇರೆ ತಿಂಡಿ, ಮಾವನವರಿಗೆ ಸಕ್ಕರೆ ಕಾಯಿಲೆಯೆಂದು ಚಪಾತಿ. ಬಿಡುವೆಲ್ಲ ಊಟದ ತಟ್ಟೆಗೇ ಹೋಯಿತು.

ಸಾಲದ್ದಕ್ಕೆ ಕೂಗು ಎಣಿಸುವ ಕೆಲಸ ಬೇರೆ. “ಮೂರು ಕೂಗಿದ ಮೇಲೆ ಆರಿಸಿ” ಎಂದು ಹೇಳಿ ಸ್ನಾನಕ್ಕೆ ಹೋದರೆ, ಪೇಪರ್ ಹಿಡಿದು ಕೂತವರು “ಈಗ ಕೂಗಿದ್ದು ಎರಡನೆಯದೋ ಮೂರನೆಯದೋ?” ಎಂದು ಬಚ್ಚಲಿನ ಬಾಗಿಲಿಗೇ ಬರುತ್ತಾರೆ. ನಿಜ ಹೇಳಬೇಕೆಂದರೆ ಕೂಗಿಗೂ ಹೊತ್ತಿಗೂ ನೇರ ಲೆಕ್ಕವಿಲ್ಲ. ಉರಿ ಜೋರಿದ್ದರೆ ಬೇಗಬೇಗ ಕೂಗುತ್ತದೆ, ಅಷ್ಟೆ. ಮೊದಲ ಕೂಗಿಗೇ ಉರಿ ಸಣ್ಣ ಮಾಡಿ ಗಡಿಯಾರ ನೋಡಿದರೆ ಸಾಕು. ಯಾರು ಕೇಳುತ್ತಾರೆ!

ಇನ್ನು ಬೋರ್‌ವೆಲ್ ನೀರಿನ ಮುಂದೆ ಕುಕ್ಕರಿನ ಬೇಳೆಯೂ ಸುಲಭಕ್ಕೆ ಬೇಯುವುದಿಲ್ಲ. ಬೆಂಗಳೂರಿನಲ್ಲಿ ಹೊಸ ಬಡಾವಣೆಗೆ ಮನೆ ಬದಲಿಸಿದವರು ಮೊದಲು ಅಂಗಡಿಯವನನ್ನು ಬೈಯುತ್ತಾರೆ, ಆಮೇಲೆ ಬೇಳೆಯನ್ನು. ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಹುಣಸೆಹುಳಿ, ಟೊಮೇಟೊಗಳದೂ ಅದೇ ಬುದ್ಧಿ. ಕೆಲಸ ಬೇಗ ಮುಗಿಯಲೆಂದು ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿದ ದಿನವೇ ಎರಡನೇ ಸಲ ಮುಚ್ಚಬೇಕಾಗುತ್ತದೆ.

ನನಗೆ ನಂಬಿಕೆ ಇರುವುದು ಅವಸರವೇ ಪಡದ ಉಪಾಯಗಳ ಮೇಲೆ. ಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ ಬೇರೆ ಕೆಲಸ ನೋಡಿಕೊಳ್ಳುವುದು. ಧನಿಯಾ, ಕಡಲೆಬೇಳೆ, ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಒಮ್ಮೆ ಹದವಾಗಿ ಹುರಿದು ಪುಡಿ ಮಾಡಿಟ್ಟರೆ ವಾರಗಟ್ಟಲೆ ಹುಳಿಯ ಚಿಂತೆಯಿಲ್ಲ. ಪುಳಿಯೋಗರೆ ಗೊಜ್ಜು ಒಂದು ಬಾಟಲಿ ಇದ್ದರಂತೂ ಹೇಳದೆ ಬಂದ ನೆಂಟರನ್ನು ನಿಜವಾದ ನಗುಮುಖದಿಂದಲೇ ಒಳಗೆ ಕರೆಯಬಹುದು.

ಇವಕ್ಕೆಲ್ಲ ಹಿರಿಯಣ್ಣ ರುಬ್ಬಿಟ್ಟ ಹಿಟ್ಟು. ನಾವು ಮಲಗಿದ ಮೇಲೆ ಅದು ಕೆಲಸಕ್ಕೆ ಇಳಿಯುತ್ತದೆ. ಮೊದಲ ದಿನ ಇಡ್ಲಿ. ಮರುದಿನ ಕೊಂಚ ನೀರು ಬೆರೆಸಿ ದೋಸೆ. ಹುಳಿ ಏರಿದಾಗ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿಹಾಕಿ ಊತಪ್ಪ. ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಒಂದು ಹಿಡಿ ರವೆ ಕಲಸಿ, ಒಗ್ಗರಣೆ ಹಾಕಿ ಪಡ್ಡು. ಒಮ್ಮೆ ರುಬ್ಬಿದ್ದಕ್ಕೆ ನಾಲ್ಕು ತಿಂಡಿ. ಯಾವ ಯಂತ್ರವೂ ಇಷ್ಟು ಲಾಭ ತಂದುಕೊಟ್ಟಿಲ್ಲ.

ಇದರಲ್ಲಿ ಇರುವುದು ಒಂದೇ ತೊಡಕು: ಪಡ್ಡು ತೀರಾ ಚೆನ್ನಾಗಿ ಆಗಿಬಿಡುತ್ತದೆ. ಇಡ್ಲಿ, ದೋಸೆ ಎಲ್ಲ ಬಿಟ್ಟು ನೇರವಾಗಿ ಪಡ್ಡನ್ನೇ ಮಾಡಬಾರದೇ ಎಂದು ಮನೆಯಲ್ಲಿ ಈಗ ಬೇಡಿಕೆ ಎದ್ದಿದೆ. ಕಾಯಿಚಟ್ನಿ ಒಂದೇ ಸಾಲದು, ಕೆಂಪು ಚಟ್ನಿಯೂ ಬೇಕಂತೆ.