ಕಂದು ಪಾಚಿಗೆ ಅವಸರ ಬೇಡ

ಸಮುದ್ರದ ಮೀನು ಸಾಕೋ ಉಪ್ಪುನೀರಿನ ಟ್ಯಾಂಕಲ್ಲಿ ಕಂದು ಪಾಚಿ ಕಂಡ ತಕ್ಷಣ ಅರ್ಧ ನೀರು ಬದಲಿಸಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸಾರ್, ನಾನೂ ಅದನ್ನೇ ಮಾಡಿ ಕೆಟ್ಟೆ. ಮೈಸೂರಿನ ಕುವೆಂಪುನಗರದ ನಮ್ಮನೆ ನಲ್ಲಿ ನೀರಿಗೇ ಉಪ್ಪು ಬೆರೆಸಿ ಹಾಕ್ತಿದ್ದೆ; ಬದಲಿಸಿದಷ್ಟೂ ಮರಳ ಮೇಲೆ ಕಾಫಿಪುಡಿ ಉದುರಿಸಿದ ಹಾಗೆ ಮತ್ತೆ ಕೂತಿರೋದು. ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ನೀರಲ್ಲಿರೋ ಸಿಲಿಕೇಟ್ ಅನ್ನೋ ಖನಿಜ ಸಿಕ್ಕರೆ ಹಬ್ಬ ಅದಕ್ಕೆ. ಆರ್‌ಓ ಜೊತೆ, ಉಳಿದ ಸಿಲಿಕೇಟನ್ನೂ ಹಿಡಿಯೋ ಡಿಐ ಫಿಲ್ಟರ್ ಹಾಕಿಸಿದ ಮೇಲೆ ಮೂರು ವಾರದಲ್ಲಿ ತಾನಾಗೇ ಹೋಯ್ತು.

ಆದರೆ ಲೋಳೆ ಲೋಳೆ ಎಳೆ, ಅದರಲ್ಲಿ ಗಾಳಿಗುಳ್ಳೆ, ರಾತ್ರಿ ಕಮ್ಮಿಯಾಗಿ ಮಧ್ಯಾಹ್ನಕ್ಕೆ ಮತ್ತೆ ಹಾಜರ್ ಅಂದ್ರೆ ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಬೇರೆ ಸೂಕ್ಷ್ಮಜೀವಿ, ಕೆಲವು ವಿಷಕಾರಿ) ಇರಬಹುದು. ಪಾಚಿಗೆ ಗೊಬ್ಬರವಾಗೋ ನೈಟ್ರೇಟ್, ಫಾಸ್ಫೇಟ್ ಸೊನ್ನೆಗಿಳಿದ ಟ್ಯಾಂಕಲ್ಲೇ ಅದರ ಕಾಟ ಜಾಸ್ತಿ. ಅಲ್ಲಿ ನೀರು ಬದಲಿಸಿದರೆ ಇನ್ನೂ ಹಬ್ಬಬಹುದು. ಪಾಚಿ ತಿನ್ನೋ ಟರ್ಬೊ ಬಸವನಹುಳುವನ್ನೂ ಆಗ ಟ್ಯಾಂಕಿಗೆ ಬಿಡಬೇಡಿ, ಡೈನೋ ತಿಂದು ಸತ್ತೇ ಹೋಗಬಹುದು ಪಾಪ. ಹಸಿರು ಕೂದಲು ಪಾಚಿಗಾದರೆ ಧಾರಾಳವಾಗಿ ಬಿಡಿ.