ದೇವರಿಲ್ಲದ ಗುಡಿಗೆ ಇಷ್ಟು ದೊಡ್ಡ ಕೊಡೆ

ಬಾಗಿಲಲ್ಲೇ ಅಮ್ಮ ಚಪ್ಪಲಿ ಬಿಟ್ಟರು. ಟಿಕೆಟ್ ಹರಿಯುತ್ತಿದ್ದ ಕಾವಲುಗಾರ ಗಾಬರಿಯಾಗಿ ನೆಲ ತೋರಿಸಿದ. ಬರೀ ಜಲ್ಲಿಕಲ್ಲು, ಕಾಲಿಗೆ ಚುಚ್ಚುತ್ತೆ ಅಂತ. "ಗುಡಿ ಅಲ್ವಾ?" ಅಂದರು ಅಮ್ಮ.

ಗುಡಿಯೇ. ಗ್ರೀಸ್‌ನ ಪೆಲೊಪೊನೀಸ್ ಬೆಟ್ಟಗಳಲ್ಲಿ, ಅಂದ್ರಿತ್ಸೆನಾ ಅನ್ನೋ ಊರಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಬಾಸೆಯಲ್ಲಿದೆ. ಸುಮಾರು 1,130 ಮೀಟರ್ ಎತ್ತರ. ಕ್ರಿ.ಪೂ. ಐದನೇ ಶತಮಾನದಲ್ಲಿ ಅಪೊಲೊ ಅನ್ನೋ ಗ್ರೀಕ್ ದೇವರಿಗೆ ಕಟ್ಟಿದ್ದು. ಪ್ಲೇಗಿನಿಂದ ಕಾಪಾಡಿದ್ದಕ್ಕೆ ಫಿಗಾಲಿಯಾ ಊರಿನವರು ಹರಕೆ ತೀರಿಸಿದರು ಅಂತ ಹಳೇ ಕಥೆ. ಅದನ್ನು ಹೇಳಿದೆ. "ನಮ್ಮ ಪ್ಲೇಗಮ್ಮ ಇದ್ದಂಗ ಅನ್ನು" ಅಂದು ಅಮ್ಮ ಕೈ ಮುಗಿದೇಬಿಟ್ಟರು.

ಅಥೆನ್ಸ್‌ಗೆ ಬಂದು ಆರು ವರ್ಷವಾಯಿತು, ಇಂಥ ಹಾಳುಗುಡಿ ಬೇಕಾದಷ್ಟು ನೋಡಿದ್ದೇನೆ. ಇದು ಮಾತ್ರ ಬೇರೆ. ದೂರದಿಂದ ಗುಡಿ ಕಾಣುವುದೇ ಇಲ್ಲ, ಸರ್ಕಸ್ಸಿನ ಡೇರೆಯಂಥ ದೊಡ್ಡ ಬಿಳಿ ಗುಡಾರ ಕಾಣುತ್ತದೆ. ಇಲ್ಲಿ ಸುಣ್ಣಕಲ್ಲಿನ ಸಂದಿಗೆ ಇಳಿದ ಮಳೆನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲನ್ನು ಸೀಳುತ್ತದೆ. ಅದಕ್ಕೇ 1987ರಲ್ಲಿ ಗುಡಾರ ಹೊದಿಸಿದರು. ತಾತ್ಕಾಲಿಕ ಅಂತ! ಸರ್ಕಾರಿ ತಾತ್ಕಾಲಿಕ ಎಲ್ಲ ಕಡೆ ಒಂದೇ ಥರ ನೋಡಿ. ಒಳಗೆ ಮಬ್ಬು ಬೆಳಕು. ಉದ್ದಕ್ಕೆ ಹದಿನೈದು, ಅಗಲಕ್ಕೆ ಆರು ಬೂದುಬಣ್ಣದ ಕಂಬ. ಗಾಳಿ ಬಂದಾಗಲೆಲ್ಲ ಗುಡಾರ ಪಟಪಟ ಅನ್ನುತ್ತದೆ. ಒಳಗೋಡೆಯ ಮೇಲಿದ್ದ ಇಪ್ಪತ್ಮೂರು ಕೆತ್ತನೆ ಹಲಗೆಗಳು ಇಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅಮ್ಮ ತಲೆಯೆತ್ತಿ ನೋಡಿ ಅಂದರು: "ದೇವ್ರಿಲ್ಲದ ಗುಡಿಗೆ ಎಷ್ಟ್ ದೊಡ್ಡ ಕೊಡಿ ಹಿಡಿದಾರಪ್ಪ!"

ಅವತ್ತಿನಿಂದ ನನ್ನ ತಲೆಯಲ್ಲಿ ಅದೇ ಮಾತು. ಯುನೆಸ್ಕೊ ಪಟ್ಟಿಗೆ ಬಾಸೆ ಸೇರಿದ್ದು 1986ರಲ್ಲಿ, ನಮ್ಮ ಹಂಪಿ ಸೇರಿದ್ದೂ ಅದೇ ವರ್ಷ. ಹಂಪಿಯ ಮಾತು ಬಿಡಿ, ಅದಕ್ಕೆ ಹೆಸರಿದೆ, ಕಾವಲಿದೆ. ಅಷ್ಟಿದ್ದೂ 2019ರಲ್ಲಿ ಹುಡುಗರು ಒಂದು ಕಂಬ ಉರುಳಿಸಿ ದಂಡ ಕಟ್ಟಿದರು. ನಾನು ಹೇಳೋದು ಹೆಸರಿಲ್ಲದ ಊರಗುಡಿಗಳ ಕಥೆ. ನಮ್ಮಲ್ಲಿ ಕಲ್ಲುಗುಡಿಗೆ ಎರಡೇ ಗತಿ. ದೇವರಿದ್ದರೆ ಟೈಲ್ಸ್, ಇಲ್ಲದಿದ್ದರೆ ಎಮ್ಮೆ. ಪೂಜೆ ನಡೆಯುತ್ತಿದ್ದರೆ ಭಕ್ತರು ಕೆತ್ತನೆ ಕಂಬಕ್ಕೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಬಚ್ಚಲಮನೆ ಟೈಲ್ಸ್ ಹಾಕಿಸಿ, ದಾನಿಗಳ ಹೆಸರು ಬರೆಸುತ್ತಾರೆ. ಪೂಜೆ ನಿಂತರೆ ದನ ಕಟ್ಟುತ್ತಾರೆ, ನಿಧಿ ಆಸೆಗೆ ಗರ್ಭಗುಡಿ ಅಗೆಯುತ್ತಾರೆ. ಬರೀ ಹಳೇದು, ಚೆನ್ನಾಗಿದೆ ಅನ್ನೋ ಕಾರಣಕ್ಕೇ ಕಾಪಾಡುವ ಅಭ್ಯಾಸ ನಮಗೆ ಇಲ್ಲ. ಗ್ರೀಕರಿಂದ ಕಲಿಯಬೇಕಾದ್ದು ಇದೊಂದೇ.

ಹಾಗಂತ ಅವರದ್ದೇ ಸರಿ ಅನ್ನಲಾರೆ. ಬಾಸೆಯಲ್ಲಿ ಕಂಬ ಮುಟ್ಟಲು ಕೈ ಚಾಚಿದರೆ ಸೀಟಿ ಊದುತ್ತಾರೆ. ಆ ಅಪೊಲೊಗೆ ಒಂದು ಹೂವಿಲ್ಲ, ದೀಪವಿಲ್ಲ. ವಿರೂಪಾಕ್ಷನ ಗುಡಿಯಲ್ಲಿ ಗಂಟೆ ಹೊಡೆದು, ಗದ್ದಲದಲ್ಲಿ ನುಗ್ಗಿ ಬಂದವನಿಗೆ ಈ ಮೌನ ಆಸ್ಪತ್ರೆಯ ವಾರ್ಡಿನ ಹಾಗೆ ಅನಿಸುತ್ತದೆ. ನನಗಂತೂ ಒಂದು ಗಂಟೆಗೇ ಸಾಕಾಯಿತು. ಕೆಳಗಿಳಿದು ಅಂದ್ರಿತ್ಸೆನಾದಲ್ಲಿ ಕಾಫಿ ಕುಡಿದೆವು. ಅಮ್ಮನಿಗೆ ಗ್ರೀಕ್ ಕಾಫಿ ಅಂದರೆ "ಗಸಿ".

ಊರಿಗೆ ಮರಳಿದ ಮೇಲೆ ಅಮ್ಮ ಸುಮ್ನೆ ಕೂರಲಿಲ್ಲ. ನಮ್ಮ ಕೆರೆ ಪಕ್ಕದ ಪಾಳುಗುಡಿಯ ಕಂಬಕ್ಕೆ ಎಮ್ಮೆ ಕಟ್ಟುವವನ ಹತ್ತಿರ ಹೋಗಿ, ಬಿಳಿ ಗುಡಾರದ ಫೋಟೊ ತೋರಿಸಿ, ಹಗ್ಗ ಬಿಚ್ಚು ಅಂದರಂತೆ. ಆತ ಫೋಟೊವನ್ನು ಬಹಳ ಹೊತ್ತು ನೋಡಿ ಹೇಳಿದನಂತೆ: "ಹಂಗಾರ ನಿಮ್ಮ ಮಗಗ ಹೇಳ್ರಿ, ಅಂಥದೊಂದ್ ಕೊಡಿ ನನ್ನ ಎಮ್ಮಿಗೂ ಕಳಸ್ಲಿ."