ಉಗುರಿನ ಸಂದಿಯ ಧೂಳು

ಮೊನ್ನೆ ಕ್ರೈಂ ಸರಣಿಯೊಂದನ್ನು ನೋಡುತ್ತಾ ಕೂತಿದ್ದ ಗೆಳೆಯ, "ಡಿಎನ್‌ಎ ಸಿಕ್ಕಿದ ಮೇಲೆ ಇನ್ನೇನು ಮಾತು? ಕೇಸ್ ಮುಗೀತು ಬಿಡು" ಅಂದ. ನಾನು ಸುಮ್ನೆ ಇರಬಹುದಿತ್ತು. ಇರಲಿಲ್ಲ. ನಿಜವಾಗಿ ನಡೆದ ಒಂದು ಪ್ರಕರಣ ಹೇಳಿದೆ.

2012ರ ನವೆಂಬರ್. ಕ್ಯಾಲಿಫೋರ್ನಿಯಾದ ಒಂದು ಬಂಗಲೆಗೆ ದರೋಡೆಕೋರರು ನುಗ್ಗಿದರು. ಮನೆ ಯಜಮಾನನ ಬಾಯಿಗೆ ಟೇಪ್ ಸುತ್ತಿದರು. ಅವನು ಉಸಿರು ಕಟ್ಟಿ ಸತ್ತ. ಸತ್ತವನ ಉಗುರಿನಲ್ಲಿ ಬೇರೊಬ್ಬನ ಡಿಎನ್‌ಎ ಸಿಕ್ಕಿತು. ಪೊಲೀಸರ ದಾಖಲೆಯಲ್ಲಿ ಹುಡುಕಿದರೆ ಒಬ್ಬನಿಗೆ ಸರಿಯಾಗಿ ಹೊಂದಿತು. ಮನೆ ಮಠ ಇಲ್ಲದ, ಕುಡಿತಕ್ಕೆ ಬಿದ್ದ ಮನುಷ್ಯ. ಕೊಲೆ ಆರೋಪ ಹೊರಿಸಿ ಜೈಲಿಗೆ ಹಾಕಿದರು. ಆ ರಾತ್ರಿ ಅವನು ಎಲ್ಲಿದ್ದ ಅಂತ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಸರಿಯಾಗಿ 100 ವರ್ಷ ಹಿಂದಕ್ಕೆ ಹೋಗಬೇಕು. ಅಲ್ಲೂ ಉಗುರಿನದೇ ಕಥೆ.

1912, ಫ್ರಾನ್ಸಿನ ಲಿಯಾನ್ ನಗರ. ಒಬ್ಬ ಯುವತಿಯ ಕತ್ತು ಹಿಸುಕಿ ಕೊಂದಿದ್ದರು. ಅನುಮಾನ ಬಂದಿದ್ದು ಅವಳ ಪ್ರಿಯಕರ, ಬ್ಯಾಂಕ್ ಗುಮಾಸ್ತ ಎಮಿಲ್ ಗೂರ್ಬಾನ್ ಮೇಲೆ. ಆದರೆ ಕೊಲೆ ನಡೆದ ಹೊತ್ತಿಗೆ ಅವನು ಸ್ನೇಹಿತರ ಜೊತೆ ಇಸ್ಪೀಟ್ ಆಡುತ್ತಿದ್ದನಂತೆ. ಸ್ನೇಹಿತರೂ ಹೌದು ಅಂದರು. ಆಗ ಬಂದವರು ಎಡ್ಮಂಡ್ ಲೊಕಾರ್ಡ್. ಎರಡು ವರ್ಷ ಹಿಂದಷ್ಟೇ ಅಲ್ಲಿನ ನ್ಯಾಯಾಲಯ ಕಟ್ಟಡದ ಅಟ್ಟದ ಮೇಲೆ ಪುಟ್ಟ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ್ದವರು. ಗೂರ್ಬಾನ್‌ನ ಉಗುರಿನ ಸಂದಿಯನ್ನು ಕೆರೆದು ನೋಡಿದರು. ಚರ್ಮದ ಚೂರುಗಳಿದ್ದವು. ಅಷ್ಟಕ್ಕೇ ಯಾರನ್ನೂ ಹಿಡಿಯಲು ಆಗುವುದಿಲ್ಲ, ಅವನದೇ ಚರ್ಮ ಇರಬಹುದಲ್ವಾ? ಆದರೆ ಆ ಚೂರುಗಳ ಮೇಲೆ ಗುಲಾಬಿ ಬಣ್ಣದ ಧೂಳು ಕೂತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಸ್ಮತ್, ಜಿಂಕ್ ಆಕ್ಸೈಡ್, ಕಬ್ಬಿಣದ ಕೆಂಪು ಬಣ್ಣ. ಮುಖಕ್ಕೆ ಹಚ್ಚುವ ಪೌಡರ್! ಊರಿನ ಔಷಧಿ ಅಂಗಡಿಯವನೊಬ್ಬ ಆ ಯುವತಿಗೆಂದೇ ಬೆರೆಸಿ ಕೊಡುತ್ತಿದ್ದ ಪೌಡರ್ ಅದು. ಗೂರ್ಬಾನ್ ತಪ್ಪೊಪ್ಪಿಕೊಂಡ. ಗೋಡೆ ಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸಿಟ್ಟು ಸ್ನೇಹಿತರನ್ನೂ ಯಾಮಾರಿಸಿದ್ದ.

ಎರಡು ಮೈ ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಅಂಟುತ್ತದೆ. ಲೊಕಾರ್ಡ್ ಹೆಸರಿನಲ್ಲಿ ವಿಧಿವಿಜ್ಞಾನದ, ಅಂದರೆ ಫೊರೆನ್ಸಿಕ್ಸ್‌ನ, ಪ್ರತಿ ಪಾಠವೂ ಶುರುವಾಗುವುದು ಈ ಮಾತಿನಿಂದ. ಮಾತು ನಿಜ. ಆದರೆ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇನ್ನೊಂದು. ಆ ಪೌಡರ್ ಊರಿನ ಎಲ್ಲ ಹೆಂಗಸರೂ ಹಚ್ಚುವ ಪೌಡರ್ ಆಗಿದ್ದರೆ? ಲೊಕಾರ್ಡ್ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕುರುಹು ಸಿಕ್ಕರೆ ಸಾಲದು, ಅದು ಅಪರೂಪದ್ದೂ ಆಗಿರಬೇಕು.

ಅಮೆರಿಕದ ಅಟ್ಲಾಂಟಾದಲ್ಲಿ ಆಗಿದ್ದೂ ಇದೇ. 1979ರಿಂದ 1981ರವರೆಗೆ ಅಲ್ಲಿ ಮಕ್ಕಳು, ಯುವಕರು ಒಬ್ಬರ ಹಿಂದೆ ಒಬ್ಬರು ಕೊಲೆಯಾದರು. ಎಷ್ಟೋ ಶವಗಳ ಮೇಲೆ ಹಸಿರು ಮಿಶ್ರಿತ ಹಳದಿ ನೈಲಾನ್ ಎಳೆಗಳಿದ್ದವು. ಅಡ್ಡ ಕೊಯ್ದು ನೋಡಿದರೆ ಹೂವಿನ ಎಸಳಿನ ಹಾಗೆ ಮೂರು ಚಾಚು, ಎರಡು ಉದ್ದ, ಒಂದು ಗಿಡ್ಡ. ಕಾರ್ಪೆಟ್ ಎಳೆ ಅಂತ ಗೊತ್ತಾಯಿತು. ಇಷ್ಟರಲ್ಲಿ ಪತ್ರಿಕೆಯವರು ಎಳೆಗಳ ವಿಷಯ ಬರೆದುಬಿಟ್ಟರು. ಆಮೇಲೆ ಶವಗಳು ನದಿಯಲ್ಲಿ ಸಿಗತೊಡಗಿದವು, ನೀರು ಎಳೆಗಳನ್ನು ತೊಳೆದುಬಿಡುತ್ತದೆ ನೋಡಿ. (ಬ್ರೇಕಿಂಗ್ ನ್ಯೂಸ್ ಚಟ ಹೊಸದೇನಲ್ಲ.) ಪೊಲೀಸರು ಸೇತುವೆಗಳ ಕೆಳಗೆ ಕಾದು ಕೂತರು. 1981ರ ಮೇ ತಿಂಗಳ ಒಂದು ನಸುಕಿನಲ್ಲಿ ನೀರಿಗೆ ಏನೋ ಬಿದ್ದ ಸದ್ದು. ಸೇತುವೆ ಮೇಲಿದ್ದ ಕಾರಿನಲ್ಲಿ ವೇಯ್ನ್ ವಿಲಿಯಮ್ಸ್. ಅವನ ಮನೆಯ ಕಾರ್ಪೆಟ್‌ನ ಎಳೆ ಶವಗಳ ಮೇಲಿನ ಎಳೆಗೆ ಹೊಂದಿತು. ಅಂಥ ಕಾರ್ಪೆಟ್ ಆ ಭಾಗದ ಸುಮಾರು 7,800 ಮನೆಗಳಲ್ಲಿ ಒಂದರಲ್ಲಿ ಇರಬಹುದು ಅಂತ ತಜ್ಞರು ಕಂಪನಿಯ ಮಾರಾಟದ ಲೆಕ್ಕ ಹಿಡಿದು ಅಂದಾಜು ಮಾಡಿದರು. 1982ರಲ್ಲಿ ಇಬ್ಬರು ವಯಸ್ಕರ ಕೊಲೆಗೆ ಅವನಿಗೆ ಶಿಕ್ಷೆಯಾಯಿತು.

ಸರಣಿಗಳಲ್ಲಿ ಇದನ್ನು ತೋರಿಸುವುದೇ ಇಲ್ಲ. ಕಾರ್ಪೆಟ್ ಎಷ್ಟು ಮೀಟರ್ ಮಾರಾಟವಾಯಿತು ಅಂತ ಬಿಲ್ ಪುಸ್ತಕ ತಿರುವುವ ಮನುಷ್ಯನನ್ನು ಯಾರು ನೋಡುತ್ತಾರೆ? ನೀಲಿ ದೀಪ ಬೇಕು, ಬಿಳಿ ಕೋಟು ಬೇಕು, ಹತ್ತು ನಿಮಿಷದಲ್ಲಿ ರಿಸಲ್ಟ್ ಬೇಕು. ಬಟ್ಟೆಗೆ ಅಂಟಿದ ಎಳೆಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಗಳಲ್ಲಿ ಉದುರಿ ಹೋಗುತ್ತವೆ. ಅಂದರೆ ಕೇಸಿನ ಹಣೆಬರಹ ಲ್ಯಾಬಿನ ಯಂತ್ರಕ್ಕಿಂತ ಮೊದಲೇ, ಆ ಬಟ್ಟೆಯನ್ನು ಯಾರು ಯಾವಾಗ ತೆಗೆದು ಯಾವ ಕವರಿಗೆ ಹಾಕಿದರು ಅನ್ನುವಲ್ಲೇ ತೀರ್ಮಾನ ಆಗಿರುತ್ತದೆ.

ಈ ವಿಜ್ಞಾನ ಮಾಡಿದ ಅತಿ ದೊಡ್ಡ ಉಪಕಾರ ಯಾವುದು ಅಂತ ಕೇಳಿದರೆ ನಾನು ಕೊಲೆಗಾರರನ್ನು ಹಿಡಿದಿದ್ದು ಅನ್ನುವುದಿಲ್ಲ. ಕೊಲೆ ಪ್ರಕರಣದಲ್ಲಿ ಡಿಎನ್‌ಎ ಮೊದಲ ಬಾರಿ ಬಳಕೆಯಾದಾಗ ಏನಾಯಿತು ನೋಡಿ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹುಡುಗಿಯರ ಕೊಲೆಯಾಗಿತ್ತು. 17 ವರ್ಷದ ಹುಡುಗನೊಬ್ಬ ಎರಡನೇ ಕೊಲೆಯನ್ನು ನಾನೇ ಮಾಡಿದ್ದು ಅಂತ ಒಪ್ಪಿಕೊಂಡಿದ್ದ. ಡಿಎನ್‌ಎಯಿಂದ ಗುರುತು ಹಿಡಿಯುವ ವಿಧಾನ ಕಂಡುಹಿಡಿದ ವಿಜ್ಞಾನಿ ಅಲೆಕ್ ಜೆಫ್ರಿಸ್ ಪರೀಕ್ಷೆ ಮಾಡಿ, ಎರಡನ್ನೂ ಮಾಡಿದವನು ಒಬ್ಬನೇ, ಅದು ಈ ಹುಡುಗ ಅಲ್ಲ ಅಂದರು. ಹುಡುಗ ಬಿಡುಗಡೆಯಾದ. ನಿಜವಾದ ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ಸಿಕ್ಕಿದ್ದು ಆಮೇಲೆ. ಅದೂ ಸಾವಿರಾರು ಗಂಡಸರ ರಕ್ತ ಪರೀಕ್ಷೆ ಮಾಡಿ, ಅವನು ತನ್ನ ಬದಲು ಸಹೋದ್ಯೋಗಿಯಿಂದ ರಕ್ತ ಕೊಡಿಸಿದ್ದನ್ನು ಆ ಸಹೋದ್ಯೋಗಿಯೇ ಪಬ್‌ನಲ್ಲಿ ಬಾಯಿಬಿಟ್ಟ ಮೇಲೆ!

ಎಡವಿದ್ದೂ ಕಡಿಮೆ ಇಲ್ಲ. ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಪೊಲೀಸರು ವರ್ಷಗಟ್ಟಲೆ ಒಬ್ಬ ಹೆಂಗಸನ್ನು ಹುಡುಕಿದರು. ಕೊಲೆ, ಕಳ್ಳತನ ಸೇರಿ ಸುಮಾರು 40 ಕಡೆ ಅವಳ ಡಿಎನ್‌ಎ. 2009ರಲ್ಲಿ ಗೊತ್ತಾಯಿತು, ಅದು ಮಾದರಿ ತೆಗೆಯುವ ಹತ್ತಿಕಡ್ಡಿ ತಯಾರಿಕೆಯಲ್ಲಿ ಕೆಲಸ ಮಾಡಿದ್ದ ಹೆಂಗಸಿನದು ಅಂತ. ಕಡ್ಡಿಗಳನ್ನು ಕ್ರಿಮಿಶುದ್ಧ ಮಾಡಿದ್ದರು. ಆದರೆ ಕ್ರಿಮಿ ಸತ್ತರೂ ಡಿಎನ್‌ಎ ಉಳಿಯುತ್ತದೆ. ಕೂದಲಿನ ಕಥೆ ಇನ್ನೂ ಕೆಟ್ಟದು. ಸೂಕ್ಷ್ಮದರ್ಶಕದಲ್ಲಿ ಕೂದಲು ಹೋಲಿಸಿ ತನ್ನ ತಜ್ಞರು ಕೋರ್ಟಿನಲ್ಲಿ ಹೇಳಿದ ಸಾಕ್ಷ್ಯವನ್ನು ಎಫ್‌ಬಿಐ ಮರಳಿ ಪರಿಶೀಲಿಸಿತು. ನೋಡಿದ ವಿಚಾರಣೆಗಳಲ್ಲಿ 90 ಪರ್ಸೆಂಟ್‌ಗಿಂತ ಹೆಚ್ಚು ಕಡೆ ತಪ್ಪು ಹೇಳಿಕೆ ಇತ್ತು ಅಂತ 2015ರಲ್ಲಿ ತಾನೇ ಒಪ್ಪಿಕೊಂಡಿತು. ಕೂದಲು ಸುಳ್ಳು ಹೇಳಲಿಲ್ಲ. "ಹೋಲುತ್ತದೆ" ಅನ್ನಬೇಕಾದ ಕಡೆ "ಇವನದೇ" ಅನ್ನುವಂತೆ ಮಾತಾಡಿದ್ದು ಮನುಷ್ಯರು.

ಈಗ ಕ್ಯಾಲಿಫೋರ್ನಿಯಾದ ಆ ಮನುಷ್ಯ. ಕೊಲೆ ನಡೆದ ರಾತ್ರಿ ಅವನು ವಿಪರೀತ ಕುಡಿದು ಬಿದ್ದಿದ್ದ. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಸೇರಿಸಿತ್ತು. ಕೊಲೆಯಾದಾಗ ಅವನು ಆಸ್ಪತ್ರೆಯ ಹಾಸಿಗೆ ಮೇಲಿದ್ದ, ಅದಕ್ಕೆ ದಾಖಲೆ ಇತ್ತು. ಅವನನ್ನು ಸಾಗಿಸಿದ ಅದೇ ಸಿಬ್ಬಂದಿ ಕೆಲವು ಗಂಟೆಗಳ ನಂತರ ಆ ಬಂಗಲೆಗೂ ಹೋಗಿದ್ದರು. ಬೆರಳಿಗೆ ಸಿಕ್ಕಿಸುವ ಆಕ್ಸಿಜನ್ ಕ್ಲಿಪ್‌ನಿಂದ ಡಿಎನ್‌ಎ ದಾಟಿರಬೇಕು ಅನ್ನುವ ಅನುಮಾನ ಇದೆ. ಲೊಕಾರ್ಡ್ ಮಾತು ಇಲ್ಲೂ ನಿಜವೇ ಆಯಿತು, ತಾಗಿದ್ದು ಅಂಟಿತು. ಮಧ್ಯೆ ಇನ್ನೊಂದು ಕೈ ಇತ್ತು ಅಷ್ಟೇ.

ವಕೀಲರು ಆಸ್ಪತ್ರೆಯ ಕಾಗದ ಹುಡುಕಿ ತೆಗೆಯುವ ಹೊತ್ತಿಗೆ, ಅವನು ಬಿಡುಗಡೆಯಾಗುವ ಹೊತ್ತಿಗೆ ಐದು ತಿಂಗಳು ದಾಟಿತ್ತು. ಆ ರಾತ್ರಿಯದು ಅವನಿಗೆ ಒಂದೂ ನೆನಪಿರಲಿಲ್ಲ. ಮೊದಲ ಭೇಟಿಗಳಲ್ಲಿ ವಕೀಲರ ಹತ್ತಿರ ಅವನೇ ಹೇಳಿದ್ದನಂತೆ, ಕುಡಿದಾಗ ಏನೂ ನೆನಪಿರುವುದಿಲ್ಲ, ನಾನೇ ಮಾಡಿರಬಹುದೇನೋ ಅಂತ.